ಸೋತವರೂ ಉಂಡ ಔತಣ

ಕಾಶಿಗೆ ಒಬ್ಬನೇ ಹೋಗಿಬಂದವನಿಗಿಂತ ಜೊತೆಗೂಡಿ ಹೋಗಿಬಂದವನಲ್ಲಿ ಹೇಳುವ ಕಥೆಗಳು ಹೆಚ್ಚು. ಯಾತ್ರೆಯ ಫಲದಲ್ಲಿ ಅರ್ಧ ದೇವರದಾದರೆ ಉಳಿದರ್ಧ ಸಂಗಾತಿಗಳದು. ಈ ಕಾಲದಲ್ಲಿ ಅಂಥದೇ ಒಂದು ಹೊಸ ಬಗೆಯ ಯಾತ್ರೆ ಬಳಕೆಗೆ ಬಂದಿದೆ. ಬಾಸ್ಟನ್, ಲಂಡನ್, ಬರ್ಲಿನ್, ನ್ಯೂಯಾರ್ಕ್, ಟೋಕಿಯೊ ಮುಂತಾದ ನಗರಗಳಿಗೆ ವರ್ಷಕ್ಕೊಮ್ಮೆ ದೇಶದೇಶಗಳಿಂದ ಗೆಳೆಯರ ಗುಂಪುಗಳು ವಿಮಾನವೇರಿ ಬರುತ್ತವೆ. ಬಂದವರು ಬೆಳಗಿನ ಚಳಿಯಲ್ಲಿ ಸಾವಿರಾರು ಜನರ ನಡುವೆ ನಿಂತು, ನಲವತ್ತೆರಡು ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಓಡುತ್ತಾರೆ. ಸಂಜೆ ಕುಂಟುತ್ತ ಬಂದು ಒಂದೇ ಮೇಜಿನ ಸುತ್ತ ಕುಳಿತು ಹೊಟ್ಟೆತುಂಬ ಉಣ್ಣುತ್ತಾರೆ. ಮರುದಿನ ಮೆಟ್ಟಿಲಿಳಿಯಲಾರದೆ ಕಂಬಿ ಹಿಡಿದುಕೊಂಡು ನಗುತ್ತಾರೆ.

“ಓಡುವುದಕ್ಕೆಂದು ಅಷ್ಟು ದೂರ ಹೋಗಬೇಕೆ? ಮನೆಯ ಮುಂದೆ ರಸ್ತೆಯಿಲ್ಲವೆ?” ಎಂದು ಹಿರಿಯರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವವರು ೧೮೯೬ನೆಯ ಇಸವಿಗೆ ಹೋಗಬೇಕು. ಮ್ಯಾರಥಾನ್ ಎಂಬ ಓಟವು ಹುಟ್ಟಿದ್ದು ಆ ವರ್ಷ. ಅದನ್ನು ಓಡುವುದಕ್ಕಾಗಿ ಗೆಳೆಯರ ಗುಂಪು ಕಡಲು ದಾಟಿ ಹೋದದ್ದೂ ಅದೇ ವರ್ಷ. ಆ ಗುಂಪಿನ ಮ್ಯಾರಥಾನ್ ಓಟಗಾರನು ಸೋತನು. ಆದರೂ ಆ ಪ್ರಯಾಣದ ಫಲವನ್ನು ಜಗತ್ತು ಇಂದಿಗೂ ಉಣ್ಣುತ್ತಿದೆ.

ನಗೆಯಲ್ಲಿ ಹುಟ್ಟಿದ ಪ್ರಯಾಣ

ಅಮೆರಿಕದ ಬಾಸ್ಟನ್ ನಗರದಲ್ಲಿ ಬಾಸ್ಟನ್ ಅತ್ಲೆಟಿಕ್ ಅಸೋಸಿಯೇಷನ್ ಎಂಬ ಕ್ರೀಡಾಸಂಘವಿದೆ. ೧೮೯೬ರ ಆರಂಭದಲ್ಲಿ ಆ ಸಂಘದ ಪಂದ್ಯವೊಂದರಲ್ಲಿ ಆರ್ಥರ್ ಬ್ಲೇಕ್ ಎಂಬ ತರುಣನು ಸಾವಿರ ಗಜಗಳ ಓಟವನ್ನು ಗೆದ್ದನು. ಸಂಘದ ಸದಸ್ಯನೂ ಷೇರುಪೇಟೆಯ ದಲ್ಲಾಳಿಯೂ ಆಗಿದ್ದ ಆರ್ಥರ್ ಬರ್ನ್‌ಹ್ಯಾಮ್ ಎಂಬವನು ಅವನನ್ನು ಅಭಿನಂದಿಸಲು ಬಂದನು. ಬ್ಲೇಕನು ನಗುತ್ತ, ತನ್ನಂಥವನಿಗೆ ಬಾಸ್ಟನ್ ಸಾಲದು, ಅಥೆನ್ಸಿಗೇ ಹೋಗಿ ಮ್ಯಾರಥಾನ್ ಓಡಬೇಕು ಎಂದನಂತೆ. ತಮಾಷೆಯ ಮಾತು. ಆದರೆ ಬರ್ನ್‌ಹ್ಯಾಮ್ ಅದನ್ನು ತಮಾಷೆಯೆಂದು ಬಿಡಲಿಲ್ಲ. ಹೋಗುವ ಮನಸ್ಸು ನಿಜವಾಗಿಯೂ ಇದೆಯೇ ಎಂದು ಕೇಳಿದನು. ಇದೆಯೆಂದಾಗ ಖರ್ಚಿನ ಏರ್ಪಾಡಿಗೆ ಕೈಹಾಕಿದನು.

ಅಥೆನ್ಸಿನಲ್ಲಿ ಆಗ ನಡೆಯಲಿದ್ದುದು ಹೊಸ ಕಾಲದ ಮೊದಲ ಒಲಿಂಪಿಕ್ ಕ್ರೀಡಾಕೂಟ. ಅದರಲ್ಲಿ ಪ್ರಾಚೀನರು ಕಂಡರಿಯದ ಓಟವೊಂದನ್ನು ಸೇರಿಸಬೇಕೆಂದು ಸೂಚಿಸಿದವನು ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್. ಕ್ರಿಸ್ತಪೂರ್ವ ೪೯೦ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರ ಸೇನೆಯನ್ನು ಸೋಲಿಸಿದ ಗ್ರೀಕರ ವಿಜಯವಾರ್ತೆಯನ್ನು ಒಬ್ಬ ದೂತನು ಅಥೆನ್ಸಿಗೆ ಓಡಿ ಮುಟ್ಟಿಸಿ, ಹೇಳಿದೊಡನೆ ಪ್ರಾಣಬಿಟ್ಟನೆಂಬ ಐತಿಹ್ಯ ಆ ನಾಡಿನಲ್ಲಿ ಪ್ರಸಿದ್ಧವಾಗಿತ್ತು. ಹೆರೊಡೋಟಸನ ಇತಿಹಾಸದಲ್ಲಿ ಈ ಓಟದ ಸುದ್ದಿಯಿಲ್ಲ. ಅವನು ಹೇಳುವುದು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ ದೂತನ ಮಾತನ್ನು. ಅಥೆನ್ಸಿನ ಓಟದ ಕಥೆ ಶತಮಾನಗಳ ಅನಂತರದ ಗ್ರಂಥಗಳಲ್ಲಿ ಕಾಣಿಸಿಕೊಂಡದ್ದು. ಚರಿತ್ರೆ ಹೇಗೇ ಇರಲಿ, ಬ್ರೆಯಾಲನಿಗೆ ಕಥೆ ಹಿಡಿಸಿತ್ತು. ಆ ಓಟವನ್ನು ಗೆದ್ದವನಿಗೆ ತಾನೇ ಒಂದು ಬೆಳ್ಳಿಯ ಬಟ್ಟಲನ್ನು ಕೊಡುವುದಾಗಿ ಅವನು ಸಾರಿದನು. ಮ್ಯಾರಥಾನ್ ಗ್ರಾಮದಿಂದ ಅಥೆನ್ಸಿನ ಕ್ರೀಡಾಂಗಣದವರೆಗಿನ ಹಾದಿ ಸುಮಾರು ನಲವತ್ತು ಕಿಲೋಮೀಟರು.

ಬ್ಲೇಕನೊಡನೆ ಹೊರಡಲು ಗೆಳೆಯರು ಸಿದ್ಧರಾದರು. ವೇಗದ ಓಟಗಾರ ಥಾಮಸ್ ಬರ್ಕ್, ಜಿಗಿತಗಾರ ಎಲರಿ ಕ್ಲಾರ್ಕ್, ಹರ್ಡಲ್ಸ್ ಓಟದ ಥಾಮಸ್ ಕರ್ಟಿಸ್, ಕೋಲುಜಿಗಿತದ ವಿಲಿಯಂ ಹಾಯ್ಟ್, ಇವರ ಜೊತೆಗೆ ತರಬೇತುದಾರ ಜಾನ್ ಗ್ರಹಾಮ್. ಸಂಘದ ಇನ್ನೊಬ್ಬ ಸದಸ್ಯ ಜಾನ್ ಪೇನ್ ಪಿಸ್ತೂಲಿನ ಗುರಿಕಾರ. ಅವನು ಪ್ಯಾರಿಸ್ಸಿಗೆ ಹೋಗಿ ಅಲ್ಲಿದ್ದ ತನ್ನ ಅಣ್ಣ ಸಮ್ನರನನ್ನೂ ಹೊರಡಿಸಿಕೊಂಡು ಅಥೆನ್ಸಿಗೆ ಬಂದನು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಇನ್ನೊಂದು ಗುಂಪಾಗಿ ಹೊರಟರು.

ಇವರೆಲ್ಲರಿಗಿಂತ ಹೆಚ್ಚಿನ ಬೆಲೆ ತೆತ್ತವನು ಜೇಮ್ಸ್ ಕನಾಲಿ. ದಕ್ಷಿಣ ಬಾಸ್ಟನ್ನಿನ ಬಡ ಐರಿಷ್ ಮನೆತನದ ಈತನು ದುಡಿದು, ತಾನೇ ಓದಿ, ತಡವಾಗಿ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದ್ದನು. ಕ್ಲಾರ್ಕನಿಗೆ ಅಲ್ಲಿ ರಜೆ ದೊರೆಯಿತು, ಕನಾಲಿಗೆ ದೊರೆಯಲಿಲ್ಲ. ಅವನು ಓದನ್ನೇ ಬಿಟ್ಟು ಹೊರಟನು, ಮತ್ತೆ ವಿದ್ಯಾರ್ಥಿಯಾಗಿ ಆ ಬಾಗಿಲನ್ನು ತುಳಿಯಲಿಲ್ಲ.

ಹಡಗಿನ ಹಾದಿ

ಮಾರ್ಚ್ ತಿಂಗಳಲ್ಲಿ ‘ಫುಲ್ಡಾ’ ಎಂಬ ಜರ್ಮನ್ ಹಡಗು ಈ ತರುಣರನ್ನು ಹೊತ್ತು ಅಮೆರಿಕದ ತೀರವನ್ನು ಬಿಟ್ಟಿತು. ಇಂದು ಹಾರುವ ಯಂತ್ರ ಅರ್ಧ ದಿನದಲ್ಲಿ ದಾಟುವ ದೂರಕ್ಕೆ ಅಂದು ಎರಡು ವಾರಗಳಿಗೂ ಮಿಗಿಲಾದ ಕಾಲ ಬೇಕಾಗಿತ್ತು. ಅಲ್ಲಿಯವರೆಗೆ ಕಾಲುಗಳು ಜಡ್ಡುಗಟ್ಟಬಾರದಲ್ಲವೆ? ತೂಗಾಡುವ ಹಡಗಿನ ಮೇಲ್ಮಾಳಿಗೆಯ ಮೇಲೆಯೇ ಓಟ, ಜಿಗಿತಗಳ ಅಭ್ಯಾಸ ನಡೆಯಿತು. ಒಂದು ಅಲೆಗೆ ಹಲಗೆ ಮೇಲೇಳುವಾಗ ನೆಗೆದವನು ಇನ್ನೊಂದು ಅಲೆಗೆ ಅದು ತಗ್ಗಿದಾಗ ಎಲ್ಲಿ ಬೀಳುವನೆಂಬುದನ್ನು ವರುಣನೇ ಬಲ್ಲ!

ನೇಪಲ್ಸಿನಲ್ಲಿ ಹಡಗಿನಿಂದಿಳಿದು, ರೈಲಿನಲ್ಲಿ ಇಟಲಿಯನ್ನು ಅಡ್ಡಹಾಯ್ದು ಬ್ರಿಂಡಿಸಿಗೆ ಬಂದು, ಅಲ್ಲಿಂದ ಮತ್ತೆ ಹಡಗಿನಲ್ಲಿ ಗ್ರೀಸಿನ ಪಾತ್ರಾಸ್ ಬಂದರನ್ನು ಸೇರಿ, ಪುನಃ ರೈಲು ಹತ್ತಿ ಅಥೆನ್ಸನ್ನು ಮುಟ್ಟಿದಾಗ ಏಪ್ರಿಲ್ ೫ನೆಯ ದಿನ ಮುಗಿಯುತ್ತ ಬಂದಿತ್ತು. ಪಂದ್ಯಗಳಿಗೆ ಇನ್ನೂ ಹನ್ನೆರಡು ದಿನ ಅವಕಾಶವಿದೆಯೆಂದು ನಂಬಿದ್ದೆವು ಎಂದು ಅವರಲ್ಲಿ ಕೆಲವರು ಮುಂದೆ ಹೇಳುತ್ತಿದ್ದರು. ಗ್ರೀಸಿನಲ್ಲಿ ಆಗ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿದ್ದು, ಅದಕ್ಕೂ ಅಮೆರಿಕದ ಪಂಚಾಂಗಕ್ಕೂ ಹನ್ನೆರಡು ದಿನಗಳ ಅಂತರವಿದ್ದುದೇ ಈ ಭ್ರಮೆಯ ಮೂಲವೆಂದು ಅವರ ವಿವರಣೆ. ಅದೇನೇ ಇರಲಿ, ಪಂದ್ಯಗಳು ಆರಂಭವಾಗುವುದು ಮರುದಿನವೇ ಎಂಬುದು ಮಾತ್ರ ಸತ್ಯವಾಗಿತ್ತು.

ದಣಿದು ಬಂದವರಿಗೆ ವಿಶ್ರಾಂತಿ ಸಿಕ್ಕಿತೆ? ಅದೂ ಇಲ್ಲ. ವಾದ್ಯಗಳೊಡನೆ ಮೆರವಣಿಗೆ, ಭಾಷಣ, ಅರ್ಥವಾಗದ ಭಾಷೆಯ ಹರಕೆಗಳು, ಅರಗಿನ ವಾಸನೆಯ ದ್ರಾಕ್ಷಾರಸದ ಬಟ್ಟಲುಗಳು. ಅತಿಥಿಗೆ ಬೇಡವೆನ್ನುವ ಬಾಯಿಲ್ಲ. ಓಟ ಮುಗಿದ ಮೇಲೆ ನಡೆಯಬೇಕಾದ ಸಂತೋಷಕೂಟ ಮೊದಲೇ ಒಮ್ಮೆ ನಡೆದುಹೋಯಿತು.

ಆದರೂ ಮರುದಿನ, ೧೮೯೬ರ ಏಪ್ರಿಲ್ ೬ರಂದು, ಕನಾಲಿಯು ತ್ರಿವಿಧ ಜಿಗಿತವನ್ನು ಗೆದ್ದು ಹೊಸ ಒಲಿಂಪಿಕ್ಸಿನ ಮೊದಲ ವಿಜೇತನಾದನು. ಅನಂತರದ ದಿನಗಳಲ್ಲಿ ಬರ್ಕ್, ಕ್ಲಾರ್ಕ್, ಕರ್ಟಿಸ್, ಹಾಯ್ಟ್ ಎಲ್ಲರೂ ಗೆದ್ದರು. ಗೆಲುವು ಬಂದಾಗಲೆಲ್ಲ ಬಾಸ್ಟನ್ನಿನ ಗೆಳೆಯರು ತಮ್ಮ ಸಂಘದ ಹೆಸರಿನ ಮೊದಲಕ್ಷರಗಳನ್ನು ಒಂದೊಂದಾಗಿ ಕೂಗಿ ಜಯಘೋಷ ಮಾಡುತ್ತಿದ್ದರು. ಅಮೃತಶಿಲೆಯ ಮೆಟ್ಟಿಲುಗಳ ಮೇಲೆ ಕುಳಿತ ಗ್ರೀಕರಿಗೆ ಇದೇನು ಕಾಡುಕೂಗು ಎಂದು ಮೊದಲು ಬೆರಗು, ಆಮೇಲೆ ಆನಂದ.

ಲೆಕ್ಕಿಗನ ರಜೆ

ಬ್ಲೇಕನು ಸಾವಿರದೈನೂರು ಮೀಟರಿನ ಓಟದಲ್ಲಿ ಎರಡನೆಯವನಾದನು. ಅವನನ್ನು ಕೊನೆಯ ನೇರಹಾದಿಯಲ್ಲಿ ಹಿಂದೆ ಹಾಕಿದವನು ಎಡ್ವಿನ್ ಫ್ಲಾಕ್. ಇವನ ಕಥೆಯೂ ಸ್ವಾರಸ್ಯವಾದುದೇ. ಆಸ್ಟ್ರೇಲಿಯದ ಈ ತರುಣನು ಲಂಡನ್ನಿನಲ್ಲಿ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದನು. ರಜೆ ಪಡೆದು, ರೈಲಿನಲ್ಲಿಯೂ ಹಡಗಿನಲ್ಲಿಯೂ ಯಾತನೆಪಟ್ಟು ಅಥೆನ್ಸಿಗೆ ಬಂದನು. ಅವನನ್ನು ಕಳುಹಿಸಿದ ಸರ್ಕಾರವಿಲ್ಲ, ಸಂಘದ ತಂಡವಿಲ್ಲ. ಏಪ್ರಿಲ್ ೭ರಂದು ಸಾವಿರದೈನೂರು ಮೀಟರನ್ನೂ ೯ರಂದು ಎಂಟುನೂರು ಮೀಟರನ್ನೂ ಅವನು ಗೆದ್ದನು. ಎಂಟುನೂರು ಮೀಟರಿನ ಓಟ ಮುಗಿಸಿದ ದಿನವೇ ಕುದುರೆಗಾಡಿ ಹತ್ತಿ, ಕಲ್ಲುಮಣ್ಣಿನ ದಾರಿಯಲ್ಲಿ ಗಂಟೆಗಟ್ಟಲೆ ಕುಲುಕಾಡಿಕೊಂಡು ಮ್ಯಾರಥಾನ್ ಗ್ರಾಮಕ್ಕೆ ಹೊರಟನು. ಅವನು ಅದುವರೆಗೆ ಓಡಿದ್ದ ಅತಿ ದೀರ್ಘವಾದ ದೂರ ಹತ್ತು ಮೈಲಿ. ಮರುದಿನ ಓಡಬೇಕಾಗಿದ್ದುದು ಇಪ್ಪತ್ತೈದು ಮೈಲಿ.

ಸಾವಿರದೈನೂರು ಮೀಟರಿನಲ್ಲಿ ಮೂರನೆಯವನಾದ ಫ್ರಾನ್ಸಿನ ಆಲ್ಬಾನ್ ಲೆರ್ಮೂಸಿಯೊ ಕೂಡ ಆ ರಾತ್ರಿ ಮ್ಯಾರಥಾನಿನಲ್ಲಿದ್ದನು. ಹೀಗೆ ಮಧ್ಯಮ ದೂರದ ಓಟದಲ್ಲಿ ಮೊದಲನೆಯವನು, ಎರಡನೆಯವನು, ಮೂರನೆಯವನು, ಮೂವರೂ ಈ ಅಪರಿಚಿತ ಸಾಹಸಕ್ಕೆ ಇಳಿದಿದ್ದರು. ನಾಲ್ಕನೆಯ ಪರದೇಶಿ ಹಂಗೆರಿಯ ಗ್ಯೂಲಾ ಕೆಲ್ನರ್. ಅಷ್ಟು ದೂರವನ್ನು ಮೊದಲೇ ಓಡಿ ನೋಡಿ ಬಂದಿದ್ದವನು ಈ ನಾಲ್ವರಲ್ಲಿ ಅವನೊಬ್ಬನೇ. ಉಳಿದ ಹದಿಮೂವರು ಗ್ರೀಕರು. ಅವರಲ್ಲಿ ಒಬ್ಬನು ಮರೂಸಿ ಗ್ರಾಮದ ನೀರು ಮಾರುವ ಬಡಮನೆತನದ ಸ್ಪಿರಿಡಾನ್ ಲೂಯಿಸ್. ಮುಂಚಿನ ಆಯ್ಕೆಯ ಓಟದಲ್ಲಿ ಅವನದು ಐದನೆಯ ಸ್ಥಾನ. ಅವನ ಮೇಲೆ ಯಾರೂ ಆಸೆಯಿಟ್ಟಿರಲಿಲ್ಲ.

ಮ್ಯಾರಥಾನಿನ ಮಣ್ಣು

ಏಪ್ರಿಲ್ ೧೦, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಹದಿನೇಳು ಜನ ಓಟಗಾರರು ಹೊರಟರು. ಹಿಂದೆ ಮುಂದೆ ಕುದುರೆ ಸವಾರರಾದ ಸೈನಿಕರು, ವೈದ್ಯರನ್ನು ಹೊತ್ತ ಗಾಡಿಗಳು, ಎದ್ದ ಧೂಳು. ಫ್ಲಾಕನ ಬದಿಯಲ್ಲಿ ಅವನ ಆಂಗ್ಲ ಗೆಳೆಯನೊಬ್ಬನು ಬೌಲರ್ ಟೋಪಿ ಧರಿಸಿ ಸೈಕಲ್ಲಿನ ಮೇಲೆ ಬರುತ್ತಿದ್ದನು.

ಲೆರ್ಮೂಸಿಯೊ ಬಿಲ್ಲಿನಿಂದ ಹೊರಟ ಬಾಣದಂತೆ ಮುನ್ನುಗ್ಗಿದನು. ಅವನ ಹಿಂದೆ ಫ್ಲಾಕ್, ಬ್ಲೇಕ್. ಗ್ರೀಕರು ಬಹು ಹಿಂದೆ ಉಳಿದರು. ಆದರೆ ಆ ಹಾದಿಯ ಗುಣವೇ ಬೇರೆ. ಮೊದಲ ಹತ್ತು ಕಿಲೋಮೀಟರು ಅದು ಸಮತಟ್ಟಾಗಿದ್ದು ಓಟಗಾರನನ್ನು ಪುಸಲಾಯಿಸುತ್ತದೆ. ಅನಂತರ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಏರುತ್ತ ಏರುತ್ತ ಅವನ ಬಲವನ್ನು ಹೀರುತ್ತದೆ. ಇಪ್ಪತ್ತಮೂರನೆಯ ಕಿಲೋಮೀಟರಿನಲ್ಲಿ ಬ್ಲೇಕನ ಕಾಲು ನಿಂತಿತು. ಬಾಸ್ಟನ್ನಿನಲ್ಲಿ ನಗುತ್ತ ಆಡಿದ ಮಾತಿನಿಂದ ಇಷ್ಟೆಲ್ಲ ಪ್ರಯಾಣವನ್ನು ಹುಟ್ಟಿಸಿದವನು ಈಗ ಓಟವನ್ನು ಬಿಟ್ಟು ದಾರಿಯ ಬದಿಗೆ ಸರಿಯಬೇಕಾಯಿತು.

ಕರ್ವಾಟಿ ಎಂಬ ಹಳ್ಳಿಯಲ್ಲಿ ಗ್ರಾಮಸ್ಥರು ಲೆರ್ಮೂಸಿಯೊನಿಗೆ ವಿಜಯಮಾಲೆಯನ್ನೇ ತೊಡಿಸಿಬಿಟ್ಟರು. ಅವರ ಕಣ್ಣಿಗೆ ಗೆಲುವು ನಿಶ್ಚಿತವಾಗಿತ್ತು. ಆದರೆ ಮೂವತ್ತೆರಡನೆಯ ಕಿಲೋಮೀಟರಿನ ಸುಮಾರಿಗೆ ಫ್ರಾನ್ಸಿನವನೂ ಕುಸಿದನು. ಫ್ಲಾಕನು ಮುಂದಾದನು.

ಈ ಮೂವತ್ತು, ಮೂವತ್ತೆರಡರ ಗಡಿ ಇಂದಿನ ಓಟಗಾರರಿಗೆಲ್ಲ ಪರಿಚಿತ. ಮನುಷ್ಯನ ದೇಹವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟಿರುತ್ತದೆ. ಬಿರುಸಾಗಿ ಓಡುವವನಿಗೆ ಆ ಕಣಜವು ಸಾಮಾನ್ಯವಾಗಿ ಈ ದೂರದ ಹೊತ್ತಿಗೆ ಬರಿದಾಗುತ್ತದೆ. ದೇಹದಲ್ಲಿ ಕೊಬ್ಬು ಬೇಕಾದಷ್ಟಿದ್ದರೂ ಅದನ್ನು ಉರಿಸಿ ಅದೇ ವೇಗವನ್ನು ಪಡೆಯಲಾಗದು. ಕಾಲು ಸೀಸವಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಓಟಗಾರರು ಇದನ್ನು ‘ಗೋಡೆ’ ಎಂದು ಕರೆಯುತ್ತಾರೆ. ತಿಂಗಳುಗಟ್ಟಲೆ ದೂರದ ಓಟವನ್ನು ಅಭ್ಯಸಿಸುವುದು, ಹಿಂದಿನ ದಿನ ಚೆನ್ನಾಗಿ ಉಣ್ಣುವುದು, ಮೊದಮೊದಲು ವೇಗವನ್ನು ಅಂಕೆಯಲ್ಲಿಡುವುದು, ಇವೇ ಆ ಗೋಡೆಯನ್ನು ದಾಟುವ ಉಪಾಯಗಳು. ೧೮೯೬ರಲ್ಲಿ ಈ ಶಾಸ್ತ್ರವನ್ನು ಯಾರೂ ಬರೆದಿರಲಿಲ್ಲ. ಸಾವಿರದೈನೂರು ಮೀಟರಿನ ಮೂವರು ಶೂರರೂ ಅದನ್ನು ತಮ್ಮ ಮೈಮೇಲೆಯೇ ಕಲಿತರು.

ಲೂಯಿಸನು ಮಾತ್ರ ಅವಸರಪಡಲಿಲ್ಲ. ಪಿಕೆರ್ಮಿ ಎಂಬ ಹಳ್ಳಿಯಲ್ಲಿ ಒಂದು ಬಟ್ಟಲು ದ್ರಾಕ್ಷಾರಸವನ್ನು ಕುಡಿದು, ಮುಂದಿರುವವರು ಎಷ್ಟು ದೂರ ಹೋಗಿದ್ದಾರೆಂದು ವಿಚಾರಿಸಿ, ಅವರನ್ನು ಹಿಡಿದೇ ಹಿಡಿಯುವೆನೆಂದನಂತೆ. ಹಿಡಿದನು. ಮೂವತ್ತಮೂರು ಕಿಲೋಮೀಟರು ದಾಟಿದ ಮೇಲೆ ಅವನೂ ಫ್ಲಾಕನೂ ಭುಜಕ್ಕೆ ಭುಜ ತಾಗುವಂತೆ ಓಡಿದರು. ಆಮೇಲೆ ಫ್ಲಾಕ್ ಹಿಂದಾದನು. ಗುರಿಗೆ ಇನ್ನು ಮೂರು ನಾಲ್ಕು ಕಿಲೋಮೀಟರು ಉಳಿದಿರುವಾಗ ಅವನು ತೂರಾಡತೊಡಗಿದನು. ಬೀಳದಂತೆ ಹಿಡಿಯಲು ಬಂದ ಒಬ್ಬ ಗ್ರೀಕನನ್ನು ಎಚ್ಚರತಪ್ಪಿದ ಫ್ಲಾಕನು ಗುದ್ದಿಬಿಟ್ಟನು! ಅವನನ್ನು ಗಾಡಿಯಲ್ಲಿ ಮಲಗಿಸಿ ಕ್ರೀಡಾಂಗಣಕ್ಕೆ ಕರೆತಂದರು. ಅಲ್ಲಿ ರಾಜಕುಮಾರನೊಬ್ಬನೇ ಮುಂದೆ ನಿಂತು ಉಪಚಾರ ಮಾಡಿಸಿದನೆಂದು ಹೇಳುತ್ತಾರೆ.

“ಎಲ್ಲಿನ್! ಎಲ್ಲಿನ್!”

ಇತ್ತ ಕ್ರೀಡಾಂಗಣದಲ್ಲಿ ಹತ್ತಾರು ಸಾವಿರ ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಪ್ರಾಚೀನ ಕ್ರೀಡಾಂಗಣದ ಅವಶೇಷವನ್ನು ಅಲೆಕ್ಸಾಂಡ್ರಿಯದ ಗ್ರೀಕ್ ವರ್ತಕ ಜಾರ್ಜ್ ಅವೆರಾಫನ ದಾನದಿಂದ ಅಮೃತಶಿಲೆಯಲ್ಲಿ ಮತ್ತೆ ಕಟ್ಟಿದ್ದರು. ಕ್ರೀಡಾಂಗಣ ತಮ್ಮದು, ಕಥೆ ತಮ್ಮದು. ಆದರೆ ಓಟದ ಪಂದ್ಯಗಳಲ್ಲಿ ಗೆದ್ದವರೆಲ್ಲ ಪರದೇಶಿಗಳು. ಈ ಒಂದಾದರೂ ತಮಗೆ ಉಳಿಯಲೆಂದು ಗ್ರೀಕರು ಹರಕೆ ಹೊತ್ತಿದ್ದರು. ಆಸ್ಟ್ರೇಲಿಯದವನು ಮುಂದಿದ್ದಾನೆಂಬ ಸುದ್ದಿಯನ್ನು ಒಬ್ಬ ಸೈಕಲ್ ಸವಾರನು ತಂದಾಗ ಆ ಮಹಾಜನಸಂದಣಿ ಸ್ತಬ್ಧವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಕುದುರೆಯೊಂದು ಧಾವಿಸಿ ಬಂದಿತು. ಓಟದ ಅಧಿಕಾರಿಯಾಗಿದ್ದ ಮೇಜರ್ ಪಾಪಾಡಿಯಾಮಾಂಟೊಪೌಲಸ್ ಮೈಯೆಲ್ಲ ಧೂಳಾಗಿ ಅರಸನ ಬಳಿಗೆ ನಡೆದನು. “ಎಲ್ಲಿನ್! ಎಲ್ಲಿನ್!” ಎಂಬ ಕೂಗು ಮೆಟ್ಟಿಲಿಂದ ಮೆಟ್ಟಿಲಿಗೆ ಹಬ್ಬಿತು. ಎಲ್ಲಿನ್ ಎಂದರೆ ಗ್ರೀಕನು. ಬಿಳಿಯ ಅಂಗಿಯ, ಬಿಸಿಲಿಗೆ ಕಂದಿದ ಮುಖದ ಲೂಯಿಸನು ದ್ವಾರದಲ್ಲಿ ಕಾಣಿಸಿಕೊಂಡನು. ಯುವರಾಜ ಕಾನ್‌ಸ್ಟಂಟೈನನೂ ಅವನ ತಮ್ಮ ಜಾರ್ಜನೂ ಆಸನಗಳಿಂದಿಳಿದು ನೀರು ಮಾರುವವನ ಎಡಬಲದಲ್ಲಿ ಗುರಿಯವರೆಗೂ ಓಡಿದರು. ಕಾಲ ೨ ಗಂಟೆ ೫೮ ನಿಮಿಷ ೫೦ ಸೆಕೆಂಡು.

ಎರಡನೆಯವನಾಗಿ ವಾಸಿಲಾಕೊಸ್ ಬಂದನು. ಮೂರನೆಯವನಾಗಿ ಬಂದ ಬೆಲೊಕಾಸ್ ಸ್ವಲ್ಪ ದೂರ ಗಾಡಿಯಲ್ಲಿ ಕುಳಿತು ಬಂದಿದ್ದನೆಂದು ಕೆಲ್ನರನು ಆಕ್ಷೇಪಿಸಿದನು. ಅದು ನಿಜವೆಂದು ಕಂಡುಬಂದು ಆ ಸ್ಥಾನ ಕೆಲ್ನರನಿಗೆ ಸಂದಿತು. ಹೊರಟ ಹದಿನೇಳರಲ್ಲಿ ನ್ಯಾಯವಾಗಿ ಗುರಿಮುಟ್ಟಿದವರು ಒಂಬತ್ತೇ ಜನ. ಪರದೇಶಿಗಳಲ್ಲಿ ಕೆಲ್ನರನೊಬ್ಬನೇ. ಮೊದಲೇ ಓಡಿ ನೋಡಿದವನು ಮಾತ್ರ ಮುಗಿಸಿದನೆಂಬುದರಲ್ಲಿ ಆಶ್ಚರ್ಯವಿಲ್ಲ.

ಅರಸನ ಮನೆಯ ಊಟ

ಸೋತವರು ಮುಖ ಬಾಡಿಸಿಕೊಂಡು ಮೊದಲ ಹಡಗು ಹತ್ತಿದರೆ? ಇಲ್ಲ. ಈ ಕಥೆಯ ಸವಿ ಇರುವುದೇ ಇಲ್ಲಿ. ಏಪ್ರಿಲ್ ೧೨ರ ಭಾನುವಾರ ದೊರೆ ಒಂದನೆಯ ಜಾರ್ಜ್ ಕ್ರೀಡಾಳುಗಳೆಲ್ಲರನ್ನೂ ಅರಮನೆಯ ಊಟಕ್ಕೆ ಕರೆದನು. ಗೆದ್ದವನಿಗೊಂದು ಪಂಕ್ತಿ, ಸೋತವನಿಗೊಂದು ಪಂಕ್ತಿ ಎಂಬ ಭೇದವಿರಲಿಲ್ಲ. ಲೂಯಿಸನು ನೆರಿಗೆಯ ಬಿಳಿಯ ಫುಸ್ತನೆಲ್ಲ ಎಂಬ ತನ್ನ ನಾಡಿನ ಉಡುಪಿನಲ್ಲಿ ಬಂದನು. ಬಾಸ್ಟನ್ನಿನವರು ತಮ್ಮ ಜಯಘೋಷವನ್ನು ಮತ್ತೊಮ್ಮೆ ಕೇಳಿಸಬೇಕೆಂದು ದೊರೆಯೇ ಅಪೇಕ್ಷಿಸಿದನಂತೆ. ಅರಮನೆಯ ಚಾವಣಿ ಹಾರಿಹೋಗುವಂತೆ ಅವರು ಕೂಗಿದರು.

ಆ ದಿನಗಳ ಇನ್ನೊಂದು ಸಂತೋಷಕೂಟದ ವಿನೋದವನ್ನು ಕರ್ಟಿಸನು ಬಹುಕಾಲದ ಮೇಲೆ ಬರೆದಿದ್ದಾನೆ. ಅಮೆರಿಕದ ಬೇಸ್‌ಬಾಲ್ ಆಟ ಹೇಗಿರುತ್ತದೆಂದು ರಾಜಕುಮಾರರು ಕೇಳಿದರು. ಚೆಂಡಿಲ್ಲ, ದಾಂಡಿಲ್ಲ. ಒಂದು ಕಿತ್ತಳೆಹಣ್ಣೇ ಚೆಂಡಾಯಿತು, ಕೈಗೋಲೇ ದಾಂಡಾಯಿತು. ಹಣ್ಣು ಒಡೆದು ರಾಜೋಚಿತ ಉಡುಪಿನ ಮೇಲೆ ರಸದ ಅಭಿಷೇಕವಾಯಿತು! ವಾರದ ಹಿಂದೆ ಪರಸ್ಪರ ಹೆಸರರಿಯದಿದ್ದವರು ಹೀಗೆ ಸಲಿಗೆಯಿಂದ ನಗುವಂತಾದುದು ಹೇಗೆ? ಒಂದೇ ಧೂಳನ್ನು ಕುಡಿದವರ ನಡುವೆ ಪರಿಚಯಪತ್ರ ಬೇಕಾಗುವುದಿಲ್ಲ.

ಮಳೆಯ ಕಾರಣ ಒಂದು ದಿನ ತಡವಾಗಿ, ಏಪ್ರಿಲ್ ೧೫ರಂದು ಬಹುಮಾನಗಳನ್ನು ಹಂಚಿದರು. ಮೊದಲನೆಯವನಿಗೆ ಬೆಳ್ಳಿಯ ಪದಕ, ಆಲಿವ್ ಮರದ ಕೊಂಬೆ. ಎರಡನೆಯವನಿಗೆ ಕಂಚಿನ ಪದಕ, ಲಾರೆಲ್ ಮರದ ಕೊಂಬೆ. ಮೂರನೆಯವನಿಗೆ ಪದಕವಿಲ್ಲ. ಆಕ್ಸ್‌ಫರ್ಡಿನ ಜಾರ್ಜ್ ರಾಬರ್ಟ್‌ಸನ್ ಚಕ್ರ ಎಸೆತದಲ್ಲಿ ಸೋತವನು. ಆದರೆ ಪ್ರಾಚೀನ ಗ್ರೀಕ್ ಭಾಷೆಯಲ್ಲಿ ತಾನೇ ರಚಿಸಿದ್ದ ಪ್ರಶಸ್ತಿಗೀತವನ್ನು ದೊರೆಯ ಮುಂದೆ ಓದಿ ಮೆಚ್ಚುಗೆ ಪಡೆದನು. ಲೂಯಿಸನು ಕೇಳಿದ್ದು ನೀರು ಸಾಗಿಸಲು ಒಂದು ಗಾಡಿ ಮತ್ತು ಅದನ್ನೆಳೆಯುವ ಪ್ರಾಣಿ, ಅಷ್ಟನ್ನೇ ಎಂದು ಹೇಳುತ್ತಾರೆ. ಅವನು ಮತ್ತೆ ಯಾವ ಪಂದ್ಯದಲ್ಲಿಯೂ ಓಡಲಿಲ್ಲ, ೧೯೪೦ರಲ್ಲಿ ತೀರಿಕೊಂಡನು. ಬ್ರೆಯಾಲನು ಕೊಟ್ಟ ಬಟ್ಟಲು ೨೦೧೨ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ನಲವತ್ತೊಂದು ಸಾವಿರ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಪಂಕ್ತಿಗೆ ಕರೆಯದವಳು

ಆ ಊಟದಲ್ಲಿ ಇರಬೇಕಾಗಿದ್ದು ಇಲ್ಲದಿದ್ದ ಒಬ್ಬಳನ್ನು ಇಲ್ಲಿ ನೆನೆಯದಿದ್ದರೆ ಕಥೆ ಪೂರ್ತಿಯಾಗದು. ಸ್ಟಮಾಟಾ ರೆವಿಥಿ ಎಂಬ ಬಡತಾಯಿ ಮಗುವನ್ನೆತ್ತಿಕೊಂಡು ಮ್ಯಾರಥಾನಿಗೆ ಬಂದು ತಾನೂ ಓಡುವೆನೆಂದಳು. ಅವಳನ್ನು ಓಟಕ್ಕೆ ಸೇರಿಸಿಕೊಳ್ಳಲಿಲ್ಲ. ಮರುದಿನ ಅವಳು ಒಬ್ಬಳೇ ಹೊರಟಳು. ಹೊರಟ ಹೊತ್ತಿಗೆ ಗ್ರಾಮದ ಹಿರಿಯರಿಂದ ಸಹಿ ಮಾಡಿಸಿಕೊಂಡಳು. ಸುಮಾರು ಐದೂವರೆ ಗಂಟೆಗಳಲ್ಲಿ ಅಥೆನ್ಸನ್ನು ಸೇರಿದಳು. ಕ್ರೀಡಾಂಗಣದ ಬಾಗಿಲು ಅವಳಿಗೆ ತೆರೆಯಲಿಲ್ಲ. ಜೊತೆಗೆ ಗೆಳೆಯರಿಲ್ಲ, ಕೊನೆಗೆ ಔತಣವಿಲ್ಲ. ಒಲಿಂಪಿಕ್ಸಿನಲ್ಲಿ ಸ್ತ್ರೀಯರ ಮ್ಯಾರಥಾನ್ ಮೊದಲು ನಡೆದದ್ದು ೧೯೮೪ರಲ್ಲಿ, ಲಾಸ್ ಏಂಜಲಿಸ್ಸಿನಲ್ಲಿ. ಎಂಬತ್ತೆಂಟು ವರ್ಷಗಳ ಕಾಲ ಆ ಬಾಗಿಲು ಮುಚ್ಚಿಯೇ ಇದ್ದಿತು. ಸಂತೋಷಕೂಟಗಳ ವರ್ಣನೆಯನ್ನು ಓದುವಾಗ ಹೊರಗೆ ನಿಂತವರು ಯಾರೆಂದು ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ಮನೆಗೆ ತಂದ ಕಾಣಿಕೆ

ಬಾಸ್ಟನ್ನಿಗೆ ಮರಳಿದವರನ್ನು ಊರು ಸಡಗರದಿಂದ ಎದುರುಗೊಂಡಿತು. ಪದಕಗಳನ್ನು ಕಂಡು ಜನ ಹಿಗ್ಗಿದರು. ಆದರೆ ತರಬೇತುದಾರ ಗ್ರಹಾಮನ ಮನಸ್ಸಿನಲ್ಲಿ ಉಳಿದದ್ದು ತಮ್ಮವರು ಗೆದ್ದ ಓಟಗಳಲ್ಲ, ತಮ್ಮವನು ಸೋತ ಆ ಓಟ. ಒಂದು ಇಡೀ ನಾಡು ರಸ್ತೆಯ ಎರಡು ಬದಿಗೂ ನಿಂತು ಉಸಿರು ಬಿಗಿಹಿಡಿದದ್ದನ್ನು ಅವನು ಕಂಡಿದ್ದನು. ಅಂಥದೊಂದು ಓಟ ತಮ್ಮ ಊರಿಗೂ ಬೇಕೆಂದು ಸಂಘಕ್ಕೆ ತೋರಿತು. ಆಶ್‌ಲೆಂಡ್ ಎಂಬ ಊರಿನಿಂದ ಬಾಸ್ಟನ್ನಿನವರೆಗೆ ಇಪ್ಪತ್ತನಾಲ್ಕೂವರೆ ಮೈಲಿಯ ಹಾದಿಯನ್ನು ಗೊತ್ತುಮಾಡಿದರು. ಅಮೆರಿಕದ ಸ್ವಾತಂತ್ರ್ಯಸಮರದ ಮೊದಲ ಗುಂಡು ಹಾರಿದ ದಿನವಾದ ಏಪ್ರಿಲ್ ೧೯ನ್ನೇ ಓಟದ ದಿನವಾಗಿ ಆರಿಸಿದರು.

೧೮೯೭ರ ಆ ದಿನ ಹದಿನೈದು ಜನ ಸಾಲಾಗಿ ನಿಂತರು. ಅಥೆನ್ಸಿನಲ್ಲಿ ನೂರು ಮೀಟರನ್ನೂ ನಾನೂರು ಮೀಟರನ್ನೂ ಗೆದ್ದ ಥಾಮಸ್ ಬರ್ಕನು ಬೂಟಿನ ಹಿಮ್ಮಡಿಯಿಂದ ರಸ್ತೆಯ ಮಣ್ಣಿನಲ್ಲಿ ಒಂದು ಗೆರೆ ಎಳೆದು, ಹೊರಡಿ ಎಂದು ಕೂಗಿದನು. ನ್ಯೂಯಾರ್ಕಿನ ಜಾನ್ ಮೆಕ್‌ಡರ್ಮಟ್ ೨ ಗಂಟೆ ೫೫ ನಿಮಿಷ ೧೦ ಸೆಕೆಂಡುಗಳಲ್ಲಿ ಗೆದ್ದನು. ಮುಂದೆ ೧೯೦೮ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ೪೨.೧೯೫ ಕಿಲೋಮೀಟರನ್ನು ೧೯೨೧ರಲ್ಲಿ ಮ್ಯಾರಥಾನಿನ ನಿಯಮಬದ್ಧ ದೂರವೆಂದು ಸ್ಥಿರಪಡಿಸಿದರು. ಬಾಸ್ಟನ್ನಿನ ಆರಂಭರೇಖೆ ೧೯೨೪ರಲ್ಲಿ ಹಾಪ್ಕಿಂಟನ್ನಿಗೆ ಹಿಂದೆ ಸರಿಯಿತು. ಹದಿನೈದು ಜನರಿಂದ ಮೊದಲಾದ ಆ ಓಟಕ್ಕೆ ಇಂದು ಲೋಕದ ಮೂಲೆಮೂಲೆಗಳಿಂದ ಸುಮಾರು ಮೂವತ್ತು ಸಾವಿರ ಜನ ಬಂದು ಸೇರುತ್ತಾರೆ.

ಆ ಹಾದಿ ಕನ್ನಡನಾಡನ್ನೂ ಮುಟ್ಟಿದೆ. ೧೯೨೦ರಲ್ಲಿ ದೊರಾಬ್‌ಜಿ ಟಾಟಾ ಅವರ ನೆರವಿನಿಂದ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಸೇರಿದ ಭಾರತದ ಚಿಕ್ಕ ತಂಡವೊಂದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಡಲು ದಾಟಿ ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಎಂಬ ತರುಣನಿದ್ದನು. ಅಂದಿನ ಮ್ಯಾರಥಾನ್ ೪೨.೭೫ ಕಿಲೋಮೀಟರು, ನಿಯಮದ ದೂರಕ್ಕಿಂತಲೂ ಹೆಚ್ಚು. ಫಿನ್ಲೆಂಡಿನ ಹಾನೆಸ್ ಕೊಲೆಮಾಯಿನೆನ್ ಗೆದ್ದ ಆ ಓಟದಲ್ಲಿ ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಗುರಿ ಸೇರಿ ಹತ್ತ-ಒಂಬತ್ತನೆಯವನಾದನು. ಅವನೊಡನೆ ಓಡಿದ ಸತಾರದ ಸದಾಶಿವ ದಾತಾರ್ ಓಟವನ್ನು ಮುಗಿಸಲಾಗಲಿಲ್ಲ. ಲೂಯಿಸನು ಚಿಕ್ಕ ಹಾದಿಯಲ್ಲಿ ಪಡೆದ ಕಾಲಕ್ಕಿಂತ ಬೆಳಗಾವಿಯವನ ಕಾಲ ಎಂಟು ನಿಮಿಷ ಕಡಿಮೆ. ಅಥೆನ್ಸಿನಲ್ಲಾಗಿದ್ದರೆ ರಾಜಕುಮಾರರು ಅವನ ಎಡಬಲಗಳಲ್ಲಿ ಓಡುತ್ತಿದ್ದರು. ಆಂಟ್‌ವರ್ಪಿನಲ್ಲಿ ಅವನ ಮುಂದೆ ಹದಿನೆಂಟು ಜನರಿದ್ದರು. ಕಾಲು ಶತಮಾನದೊಳಗೆ ಜಗತ್ತು ಅಷ್ಟು ಓಡಲು ಕಲಿತಿತ್ತು.

ಮನೆಯ ಮುಂದೆ ರಸ್ತೆಯಿರುವಾಗ ಪರದೇಶಕ್ಕೇಕೆ ಹೋಗಬೇಕೆಂಬ ಪ್ರಶ್ನೆಗೆ ಬಾಸ್ಟನ್ನಿನ ಗೆಳೆಯರು ಬಾಯಲ್ಲಿ ಉತ್ತರ ಕೊಡಲಿಲ್ಲ. ಅವರು ಹೋದರು, ತಮ್ಮವನೊಬ್ಬನು ಧೂಳಿನಲ್ಲಿ ಕುಸಿದುದನ್ನು ಕಂಡರು, ಗೆದ್ದ ನೀರುಮಾರುವವನೊಡನೆ ಕುಳಿತು ಉಂಡರು, ಮರಳಿ ಬಂದು ಮನೆಯ ಮುಂದಿನ ರಸ್ತೆಯಲ್ಲಿಯೇ ಒಂದು ಗೆರೆ ಎಳೆದರು. ಆ ಗೆರೆಯನ್ನು ದಾಟಲು ಈಗ ಪ್ರತಿವರ್ಷವೂ ಬೇರೆ ಬೇರೆ ನಾಡುಗಳ ಗೆಳೆಯರು ಜೊತೆಗೂಡಿ ಬರುತ್ತಾರೆ.